ಬೋರ್ಡೋ ದ್ರಾವಣದ ಲೆಕ್ಕ: ಮೈಲುತುತ್ತ, ಸುಣ್ಣ ಮತ್ತು ಮೋಲ್



ಮೇ ತಿಂಗಳ ಕೊನೆ ಬಂತೆಂದರೆ ನಮ್ಮ ಗೋಣಿಬೀಡು ಹೋಬಳಿಯ ತೋಟಗಳಲ್ಲಿ ಮೈಲುತುತ್ತದ ಮಾತು ಏಳುತ್ತದೆ. ಅಡಿಕೆ ಗೊನೆಗೆ ಕೊಳೆ ತಗಲುವ ಮೊದಲು ಒಂದು ಸಲ ಔಷಧಿ ಹೊಡೆದಿರಬೇಕು. ಆಮೇಲೆ 40–45 ದಿನಕ್ಕೆ ಇನ್ನೊಂದು ಸಲ. ಮಳೆ ಬಿಡದೆ ಹಿಡಿದರೆ ಮೂರನೆಯದೂ ಬೇಕಾಗುತ್ತದೆ. ಕಾಫಿಗೂ ಎಲೆತುಕ್ಕು ರೋಗಕ್ಕೆಂದು ಮುಂಗಾರಿಗೆ ಮೊದಲು ಒಮ್ಮೆ, ಮಳೆ ಇಳಿದ ಮೇಲೆ ಒಮ್ಮೆ ಇದೇ ದ್ರಾವಣ. ಮರ ಹತ್ತುವವರು ಸಿಗುವುದು ಕಷ್ಟ, ಬಿಸಿಲು ಸಿಗುವುದು ಇನ್ನೂ ಕಷ್ಟ. ಇಷ್ಟೆಲ್ಲ ಹೊಂದಿಸಿಕೊಂಡು ಹೊಡೆದ ಔಷಧಿಯೇ ಸರಿಯಾಗಿ ಕೂಡಿರದಿದ್ದರೆ ಆಗುವ ನಷ್ಟ ಎರಡು ಬಗೆಯದು: ಸುಣ್ಣ ಕಡಿಮೆಯಾದರೆ ಎಳೆಗಾಯಿ, ಎಲೆ ಸುಡುತ್ತವೆ, ತಾಮ್ರ ಕಡಿಮೆಯಾದರೆ ಕೊಳೆ ನಿಲ್ಲುವುದಿಲ್ಲ.

ಇದೇ ಮೇ–ಜೂನ್ ತಿಂಗಳಲ್ಲಿ ನಮ್ಮ ಮನೆಗಳಲ್ಲಿ ಇನ್ನೊಂದು ತಲೆನೋವೂ ಶುರುವಾಗುತ್ತದೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಮಕ್ಕಳು ಪಿ.ಯು.ಸಿ. ವಿಜ್ಞಾನಕ್ಕೆ ಸೇರುತ್ತಾರೆ. ರಸಾಯನಶಾಸ್ತ್ರದ ಮೊದಲ ಪಾಠದಲ್ಲೇ ‘ಮೋಲ್’ ಎಂಬ ಶಬ್ದ ಎದುರಾಗುತ್ತದೆ. ಇಂಗ್ಲಿಷಿನಲ್ಲಿ ಬಂದದ್ದರಿಂದ ಅರ್ಧ ಗಾಬರಿ, ಲೆಕ್ಕವಾದ್ದರಿಂದ ಇನ್ನರ್ಧ. ಎಷ್ಟೋ ಮಕ್ಕಳು ಅಲ್ಲಿಯೇ ಧೈರ್ಯ ಕಳೆದುಕೊಳ್ಳುತ್ತಾರೆ.

ಈ ಎರಡು ಕಷ್ಟಕ್ಕೂ ಔಷಧಿ ಒಂದೇ ಎಂಬುದು ನಮ್ಮ ಅಭಿಪ್ರಾಯ. ಔಷಧಿ ಪೀಪಾಯಿಯಲ್ಲಿ ನಡೆಯುವುದೂ ಉತ್ತರಪತ್ರಿಕೆಯಲ್ಲಿ ಬರೆಯಬೇಕಾದದ್ದೂ ಒಂದೇ ಲೆಕ್ಕ. ಆದ್ದರಿಂದ ಈ ಲೇಖನವನ್ನು ತೋಟದ ಯಜಮಾನರೂ ರೈಟರೂ ಓದಲಿ; ಓದಿದ ಮೇಲೆ ಮನೆಯ ಮಕ್ಕಳ ಕೈಗೂ ಕೊಡಲಿ.

ದ್ರಾವಣದ ಹಿನ್ನೆಲೆ

ಬೋರ್ಡೋ ಎಂಬುದು ಫ್ರಾನ್ಸ್ ದೇಶದ ಒಂದು ಊರು. ಅಲ್ಲಿ ದ್ರಾಕ್ಷಿ ಹೆಚ್ಚು. ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆ ಪಕ್ಕದ ಬಳ್ಳಿಗಳಿಗೆ ತುತ್ತ ಮತ್ತು ಸುಣ್ಣ ಬಳಿಯುವ ರೂಢಿ ಅಲ್ಲಿತ್ತು. ಹಾಗೆ ಬಳಿದ ಬಳ್ಳಿಗಳಿಗೆ ಬೂಜುರೋಗ ತಗಲದೆ ಎಲೆ ಉಳಿದದ್ದನ್ನು ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞರು 1882ರಲ್ಲಿ ಗಮನಿಸಿ, ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದರು.

ಇದನ್ನು ನಮ್ಮ ಅಡಿಕೆ ತೋಟಕ್ಕೆ ತಂದವರಲ್ಲಿ ಮೊದಲು ನೆನೆಯಬೇಕಾದವರು ಡಾ. ಲೆಸ್ಲಿ ಕೋಲ್‌ಮನ್. ಕೆನಡಾ ದೇಶದ ಇವರು 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದರು. ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಹೊರತಂದು ಬೋರ್ಡೋ ದ್ರಾವಣವನ್ನು ಸೂಚಿಸಿದರು. ಅದಕ್ಕೆ ಮೊದಲು ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಪ್ಪಿಸುವುದೇ ಇದ್ದ ಉಪಾಯ. ನಮ್ಮ ಪಕ್ಕದ ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕಾಫಿ ಸಂಶೋಧನಾ ಕೇಂದ್ರ ಆರಂಭವಾದಾಗಲೂ ಮೈಸೂರಿನ ಕೃಷಿ ಇಲಾಖೆಯ ಮುಖ್ಯಸ್ಥರು ಇವರೇ. ಕಾಫಿಯಲ್ಲಿಯೂ ಒಂದು ಕೊಳೆರೋಗ ಇದೆ ಎಂಬುದು ನಮಗೆಲ್ಲ ಗೊತ್ತು. ಅದರ ಶಿಲೀಂಧ್ರಕ್ಕೆ ವಿದೇಶದ ವಿಜ್ಞಾನಿಗಳು ಇಟ್ಟ ಶಾಸ್ತ್ರೀಯ ಹೆಸರಿನಲ್ಲೇ ‘ಕೊಳೆರೋಗ’ ಎಂಬ ನಮ್ಮ ಕನ್ನಡ ಶಬ್ದ ಸೇರಿಕೊಂಡಿತು.

ಶೇ. 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಅಡಿಕೆಯ ಕೊಳೆಗೂ ಕಾಫಿಯ ಕೊಳೆಗೂ ಇದು. ಕಾಫಿಯ ಎಲೆತುಕ್ಕಿಗೆ ಇದರ ಅರ್ಧ, ಅಂದರೆ ಶೇ. 0.5 ಸಾಕು. ಇದು ಎಲ್ಲರಿಗೂ ಬಾಯಿಪಾಠ. ಆದರೆ ಕಿಲೋಗೆ ಕಿಲೋ ಏಕೆ? ಮುಕ್ಕಾಲು ಕಿಲೋ ಸುಣ್ಣ ಹಾಕಿದರೆ ಏನು ಕೆಡುತ್ತದೆ? ಹೋದ ವರ್ಷದ ಸುಣ್ಣ ಆಗುತ್ತದೆಯೇ? ಇದಕ್ಕೆ ಉತ್ತರ ಬೇಕಾದರೆ ತಕ್ಕಡಿಯ ತೂಕದಿಂದ ಕಣಗಳ ಎಣಿಕೆಗೆ ಹೋಗಬೇಕು.

ವೀಳ್ಯದ ಲೆಕ್ಕ

ಒಂದು ವೀಳ್ಯಕ್ಕೆ ಎರಡು ಎಲೆ, ಒಂದು ಅಡಿಕೆ ಎಂದಿಟ್ಟುಕೊಳ್ಳೋಣ. ಒಂದು ಅಡಿಕೆಯ ತೂಕ 6 ಗ್ರಾಂ, ಒಂದು ಎಲೆಯ ತೂಕ 3 ಗ್ರಾಂ ಎಂದು ಲೆಕ್ಕಕ್ಕೆ ಹಿಡಿಯೋಣ. ಮದುವೆ ಮನೆಯಲ್ಲಿ 600 ಗ್ರಾಂ ಅಡಿಕೆ, 450 ಗ್ರಾಂ ಎಲೆ ಇದೆ. ಎಷ್ಟು ವೀಳ್ಯ ಕೊಡಬಹುದು?

ತೂಕವನ್ನೇ ನೋಡುತ್ತ ಕುಳಿತರೆ ಉತ್ತರ ಹೊಳೆಯುವುದಿಲ್ಲ. ಎಣಿಕೆಗೆ ತಿರುಗಿಸಿದರೆ ಕೂಡಲೇ ಹೊಳೆಯುತ್ತದೆ. 600ನ್ನು 6ರಿಂದ ಭಾಗಿಸಿದರೆ 100 ಅಡಿಕೆ. 450ನ್ನು 3ರಿಂದ ಭಾಗಿಸಿದರೆ 150 ಎಲೆ. 150 ಎಲೆಗೆ 75 ವೀಳ್ಯ. ಎಲೆ ಮುಗಿಯಿತು, 25 ಅಡಿಕೆ, ಅಂದರೆ 150 ಗ್ರಾಂ, ಹಾಗೆಯೇ ಉಳಿಯಿತು. ಮೊದಲು ಮುಗಿದದ್ದು ಎಲೆ. ಆದ್ದರಿಂದ ವೀಳ್ಯ ಎಷ್ಟೆಂದು ತೀರ್ಮಾನಿಸಿದ್ದು ಎಲೆಯೇ ಹೊರತು ಅಡಿಕೆಯಲ್ಲ.

ಮೋಲ್ ಲೆಕ್ಕವೆಲ್ಲ ಇಷ್ಟೇ. ನಾಲ್ಕು ಹೆಜ್ಜೆ:

1. ಯಾವುದಕ್ಕೆ ಯಾವುದು ಎಷ್ಟು ಬೇಕೆಂದು ಬರೆದುಕೊಳ್ಳುವುದು. ಇದೇ ಸಮೀಕರಣ.
2. ತೂಕವನ್ನು ಎಣಿಕೆಗೆ ತಿರುಗಿಸುವುದು.
3. ಎಣಿಕೆಯಲ್ಲಿ ಹೋಲಿಸಿ ಯಾವುದು ಮೊದಲು ಮುಗಿಯುತ್ತದೆಂದು ನೋಡುವುದು.
4. ಬಂದ ಎಣಿಕೆಯನ್ನು ಮತ್ತೆ ತೂಕಕ್ಕೆ ತಿರುಗಿಸುವುದು.

ಅಡಿಕೆಯನ್ನು ನೂರರ ಲೆಕ್ಕದಲ್ಲಿ ಎಣಿಸಬಹುದು, ವೀಳ್ಯದೆಲೆಯನ್ನು ಕಟ್ಟಿನ ಲೆಕ್ಕದಲ್ಲಿ ಎಣಿಸಬಹುದು. ಕಣಗಳು ತೀರ ಸಣ್ಣವಾದ್ದರಿಂದ ಅವಕ್ಕೆ ದೊಡ್ಡ ಕಟ್ಟು ಬೇಕು. ಆ ಕಟ್ಟಿನ ಹೆಸರೇ ಮೋಲ್. ಒಂದು ಮೋಲ್ ಎಂದರೆ 602214076ರ ಮುಂದೆ 15 ಸೊನ್ನೆ ಹಾಕಿದಷ್ಟು ಕಣಗಳು. 2019ರಿಂದ ಲೋಕದ ಎಲ್ಲ ದೇಶಗಳಿಗೂ ಇದೇ ನಿಖರ ಸಂಖ್ಯೆ. ಇಟಲಿಯ ಅವೊಗ್ಯಾಡ್ರೊ ಅವರ 1811ರ ವಿಚಾರದಿಂದ ಈ ದಾರಿ ತೆರೆದುದರಿಂದ ಸಂಖ್ಯೆಗೆ ಅವರ ಹೆಸರು. ಇಷ್ಟು ದೊಡ್ಡ ಸಂಖ್ಯೆಯನ್ನು ಮಕ್ಕಳು ಲೆಕ್ಕದಲ್ಲಿ ಎಲ್ಲೆಡೆ ಹೊತ್ತು ತಿರುಗಬೇಕಾಗಿಲ್ಲ. ‘ಕಟ್ಟು’ ಎಂದು ತಿಳಿದರೆ ಬಹುಪಾಲು ಲೆಕ್ಕ ನಡೆಯುತ್ತದೆ.

ಒಂದು ಕಟ್ಟಿನ ತೂಕ ತಿಳಿಯುವುದು ಹೇಗೆ? ಪುಸ್ತಕದಲ್ಲಿ ಕೊಟ್ಟಿರುವ ಪರಮಾಣು ತೂಕಗಳನ್ನು ಕೂಡಿ ಗ್ರಾಂ ಎಂದು ಬರೆದರೆ ಆಯಿತು. ನಮಗೆ ಬೇಕಾದವು ಇವು: ಜಲಜನಕ 1, ಇಂಗಾಲ 12, ಸಾರಜನಕ 14, ಆಮ್ಲಜನಕ 16, ಗಂಧಕ 32, ಕ್ಯಾಲ್ಸಿಯಂ 40, ಕಬ್ಬಿಣ 56, ತಾಮ್ರ 63.5.

ಮೈಲುತುತ್ತದ ಒಂದು ಮೋಲ್

ಮೈಲುತುತ್ತದ ನೀಲಿ ಹರಳಿನಲ್ಲಿ ತಾಮ್ರದ ಸಲ್ಫೇಟಿನ ಜೊತೆಗೆ ನೀರೂ ಕಟ್ಟಿಕೊಂಡಿರುತ್ತದೆ. ಒಂದಕ್ಕೆ ಐದು ನೀರಿನ ಅಣು. ಕೂಡೋಣ: ತಾಮ್ರ 63.5, ಗಂಧಕ 32, ನಾಲ್ಕು ಆಮ್ಲಜನಕಕ್ಕೆ 64, ಐದು ನೀರಿಗೆ 90. ಒಟ್ಟು 249.5 ಗ್ರಾಂ. ಇದೇ ಒಂದು ಮೋಲ್.

1 ಕಿಲೋ ಮೈಲುತುತ್ತದಲ್ಲಿ 1000ನ್ನು 249.5ರಿಂದ ಭಾಗಿಸಿದಷ್ಟು, ಅಂದರೆ 4 ಮೋಲ್ ಇದೆ ಎಂದಾಯಿತು. ಇಷ್ಟು ಚೊಕ್ಕವಾದ ಸಂಖ್ಯೆ ಪಠ್ಯಪುಸ್ತಕದಲ್ಲೂ ಅಪರೂಪ. ಇದನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಬಾಯಿಲೆಕ್ಕ.

ಇನ್ನೊಂದು ವಿಷಯ. 249.5ರಲ್ಲಿ ತಾಮ್ರ 63.5 ಮಾತ್ರ. ಅಂದರೆ 1 ಕಿಲೋ ಕೊಂಡರೆ ತಾಮ್ರ ಸುಮಾರು 254 ಗ್ರಾಂ. ನೀರೇ 360 ಗ್ರಾಂ. ಇದನ್ನು ಮೋಸವೆನ್ನಬಾರದು. ಹರಳಿನ ಗುಣವೇ ಅದು. ಆದರೆ ಹರಳು ಬಿಸಿಲಿಗೋ ಶಾಖಕ್ಕೋ ಸಿಕ್ಕಿ ನೀಲಿ ಬಣ್ಣ ಹೋಗಿ ಬೆಳ್ಳಗಾಗಿದ್ದರೆ ನೀರು ಬಿಟ್ಟಿದೆ ಎಂದರ್ಥ. ಪೂರ್ತಿ ಬೆಳ್ಳಗಾದ ಪುಡಿಯ ಒಂದು ಮೋಲ್ 159.5 ಗ್ರಾಂ. ಆಗ 4 ಮೋಲಿಗೆ 638 ಗ್ರಾಂ ಸಾಕು. ಕಣ್ಣು ಮುಚ್ಚಿ 1 ಕಿಲೋ ಹಾಕಿದರೆ ತಾಮ್ರ ಒಂದೂವರೆ ಪಟ್ಟಿಗಿಂತಲೂ ಹೆಚ್ಚಾಗುತ್ತದೆ.

ಸುಣ್ಣದ ಮೂರು ಅವತಾರ

ಸುಣ್ಣದ ವಿಷಯದಲ್ಲಿ ನಾವು ಒಂದೇ ಹೆಸರಿನಲ್ಲಿ ಮೂರು ವಸ್ತುಗಳನ್ನು ಕರೆಯುತ್ತೇವೆ. ಗೊಂದಲವೆಲ್ಲ ಇಲ್ಲಿಂದಲೇ.

ಮೊದಲನೆಯದು ಚಿಪ್ಪು ಅಥವಾ ಸುಣ್ಣದ ಕಲ್ಲು: ಕ್ಯಾಲ್ಸಿಯಂ ಕಾರ್ಬೊನೇಟು. ಒಂದು ಮೋಲಿಗೆ 40 + 12 + 48 = 100 ಗ್ರಾಂ. ಇದನ್ನು ಗೂಡಿನಲ್ಲಿ ಸುಟ್ಟರೆ ಇಂಗಾಲದ ಡೈ ಆಕ್ಸೈಡ್ 44 ಗ್ರಾಂ ಗಾಳಿಗೆ ಹೋಗಿ, ಸುಟ್ಟ ಸುಣ್ಣ 56 ಗ್ರಾಂ ಉಳಿಯುತ್ತದೆ. 100 ಕಿಲೋ ಶುದ್ಧ ಚಿಪ್ಪು ಸುಟ್ಟವನಿಗೆ 56 ಕಿಲೋಗಿಂತ ಹೆಚ್ಚು ಸುಣ್ಣ ಸಿಗಲಾರದು.

ಎರಡನೆಯದು ಈ ಸುಟ್ಟ ಸುಣ್ಣ. ಇದಕ್ಕೆ ನೀರು ಹಾಕಿದರೆ ಕುದಿದು ಅರಳುತ್ತದೆ. 56 ಗ್ರಾಂ ಸುಣ್ಣ 18 ಗ್ರಾಂ ನೀರನ್ನು ಕುಡಿದು 74 ಗ್ರಾಂ ಅರಳಿದ ಸುಣ್ಣವಾಗುತ್ತದೆ. ಇದೇ ಮೂರನೆಯದು. ದ್ರಾವಣದಲ್ಲಿ ಕೆಲಸ ಮಾಡುವುದು ಇದು.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಅರಳಿದ ಸುಣ್ಣವನ್ನು ಬಾಯಿ ಬಿಚ್ಚಿದ ಚೀಲದಲ್ಲಿ ಇಟ್ಟರೆ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡ್ ಅದರೊಡನೆ ಕೂಡಿ, ನೀರು ಹೊರಹೋಗಿ, ಮತ್ತೆ ಹಳೆಯ ಚಿಪ್ಪಿನ ವಸ್ತುವೇ ಆಗುತ್ತದೆ. 74 ಗ್ರಾಂ ಇದ್ದದ್ದು 100 ಗ್ರಾಂ ಆಗುತ್ತದೆ. ಗಮನಿಸಿರಿ: ತೂಕ ಹೆಚ್ಚಿತು, ಶಕ್ತಿ ಹೋಯಿತು. ಹಳೆಯ ಸುಣ್ಣದ ಚೀಲ ತಕ್ಕಡಿಯಲ್ಲಿ ಭಾರವಾಗಿಯೇ ತೂಗುತ್ತದೆ. ತಕ್ಕಡಿ ಸುಳ್ಳು ಹೇಳುವುದಿಲ್ಲ, ಆದರೆ ನಮಗೆ ಬೇಕಾದ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ. ಅಂಥ ಸುಣ್ಣಕ್ಕೆ ನಿಂಬೆರಸ ಹಿಂಡಿದರೆ ನೊರೆ ಏಳುತ್ತದೆ. ಒಳ್ಳೆಯ ಸುಟ್ಟ ಸುಣ್ಣ ನೀರು ಬಿದ್ದೊಡನೆ ಬಿಸಿಯಾಗಿ ಬಿರಿದು ಪುಡಿಯಾಗಬೇಕು. ತಣ್ಣಗೆ ಕುಳಿತರೆ ಅದರ ಜೀವ ಹೋಗಿದೆ ಎಂದು ತಿಳಿಯಬೇಕು.

ಪೀಪಾಯಿಯೊಳಗಿನ ಕ್ರಿಯೆ

ಈಗ ಎರಡನ್ನೂ ಕೂಡಿಸೋಣ. ಸರಳ ರೂಪದಲ್ಲಿ:

ಮೈಲುತುತ್ತ 1 ಮೋಲ್ + ಅರಳಿದ ಸುಣ್ಣ 1 ಮೋಲ್ → ತಾಮ್ರದ ಹೈಡ್ರಾಕ್ಸೈಡ್ 1 ಮೋಲ್ + ಕ್ಯಾಲ್ಸಿಯಂ ಸಲ್ಫೇಟ್ 1 ಮೋಲ್ + ನೀರು 5 ಮೋಲ್

ತೂಕದಲ್ಲಿ: 249.5 + 74 = 97.5 + 136 + 90. ಎಡಕ್ಕೂ 323.5, ಬಲಕ್ಕೂ 323.5. ಒಂದು ಕಣವೂ ಹುಟ್ಟಲಿಲ್ಲ, ಒಂದು ಕಣವೂ ಸಾಯಲಿಲ್ಲ. ಜೊತೆ ಬದಲಾಯಿತು ಅಷ್ಟೆ. ಲೆಕ್ಕ ಮಾಡಿದ ಮೇಲೆ ಎರಡು ಬದಿಯ ಮೊತ್ತ ಹೀಗೆ ತಾಳೆ ನೋಡುವುದನ್ನು ಮಕ್ಕಳು ರೂಢಿ ಮಾಡಿಕೊಳ್ಳಬೇಕು. ಅಂಗಡಿ ಲೆಕ್ಕದಲ್ಲಿ ಜಮಾ–ಖರ್ಚು ತಾಳೆ ಇದ್ದಂತೆ.

ನಮ್ಮ ಬಳಿ 4 ಮೋಲ್ ಮೈಲುತುತ್ತ ಇದೆ. ಅದಕ್ಕೆ 4 ಮೋಲ್ ಅರಳಿದ ಸುಣ್ಣ ಬೇಕು; 4 × 74 = 296 ಗ್ರಾಂ. ಸುಟ್ಟ ಸುಣ್ಣವಾದರೆ 4 × 56 = 224 ಗ್ರಾಂ. ಅಂದರೆ 1 ಕಿಲೋ ಮೈಲುತುತ್ತಕ್ಕೆ ಶುದ್ಧ ಸುಣ್ಣ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ ಸಾಕು!

ಹಾಗಾದರೆ ಕಿಲೋಗೆ ಕಿಲೋ ಎಂದು ಹೇಳಿದವರು ತಪ್ಪು ಹೇಳಿದರೇ? ಇಲ್ಲ. ಅದಕ್ಕೆ ಕಾರಣಗಳಿವೆ. ನಮಗೆ ಸಿಗುವ ಸುಣ್ಣ ಶುದ್ಧವಲ್ಲ. ಮಣ್ಣು, ಬೇಯದ ಚಿಪ್ಪು, ಗಾಳಿ ತಾಗಿದ ಪಾಲು ಸೇರಿರುತ್ತವೆ. ಎರಡನೆಯದಾಗಿ, ತಾಮ್ರದ ಒಂದು ಕಣವೂ ಬಿಡಿಯಾಗಿ ಉಳಿಯಬಾರದಾದ್ದರಿಂದ ಸುಣ್ಣದ ಕೈ ಸ್ವಲ್ಪ ಮೇಲಿರಬೇಕು. ಮೂರನೆಯದಾಗಿ, ಹೆಚ್ಚಿನ ಸುಣ್ಣ ದ್ರಾವಣ ಗೊನೆಗೆ ಹಿಡಿದು ನಿಲ್ಲಲು ನೆರವಾಗುತ್ತದೆ. ಹಾಗೆಂದು ಸುಣ್ಣವನ್ನು ಮನಸ್ಸಿಗೆ ಬಂದಷ್ಟು ಸುರಿಯುವುದೂ ಸಲ್ಲದು. ಅತಿಯಾದರೆ ತಾಮ್ರ ಬಿಡುಗಡೆಯಾಗಿ ಕೆಲಸಕ್ಕೆ ತೊಡಗುವುದು ತಡವಾಗುತ್ತದೆ, ಪಂಪಿನ ಮೂತಿಯೂ ಕಟ್ಟುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನೂ ಹೇಳಬೇಕು. ಪೀಪಾಯಿಯಲ್ಲಿ ನಿಜವಾಗಿ ಮೊದಲು ಬೀಳುವ ತಿಳಿನೀಲಿ ಗಸಿ ಬರಿಯ ಹೈಡ್ರಾಕ್ಸೈಡ್ ಅಲ್ಲ. ಸಲ್ಫೇಟೂ ಹೈಡ್ರಾಕ್ಸೈಡೂ ಕೂಡಿದ ವಸ್ತು. ಅದರ ಒಂದು ಸಮೀಕರಣ ಹೀಗೆ: 4 ಮೋಲ್ ತಾಮ್ರದ ಸಲ್ಫೇಟು, 3 ಮೋಲ್ ಸುಣ್ಣ ಕೂಡಿ, ಒಂದು ಸಲ್ಫೇಟಿಗೆ ಮೂರು ಹೈಡ್ರಾಕ್ಸೈಡ್ ಜೊತೆಯಾದ ಗಸಿ ಮತ್ತು 3 ಮೋಲ್ ಕ್ಯಾಲ್ಸಿಯಂ ಸಲ್ಫೇಟ್. ಎಣಿಸಿ ನೋಡಿ: ತಾಮ್ರ ಎಡಕ್ಕೆ 4, ಬಲಕ್ಕೆ 1 + 3; ಸಲ್ಫೇಟು ಎಡಕ್ಕೆ 4, ಬಲಕ್ಕೆ 1 + 3. ತಾಳೆ ಬಂತು. ಈ ಪ್ರಕಾರ 4 ಮೋಲಿಗೆ 3 ಮೋಲ್, ಅಂದರೆ 222 ಗ್ರಾಂ ಅರಳಿದ ಸುಣ್ಣಕ್ಕಿಂತ ಕಡಿಮೆಯಾದರೆ ಬಿಡಿ ತಾಮ್ರ ಉಳಿಯುವುದು ಖಂಡಿತ. 296 ಗ್ರಾಂ ಇದ್ದರೆ ನಿಶ್ಚಿಂತೆ.

ಸುಣ್ಣ ಮೊದಲು ಮುಗಿದರೆ

ಈಗ ಪರೀಕ್ಷೆಯಲ್ಲಿ ಕೇಳುವಂಥ ಪ್ರಶ್ನೆ. ತೋಟದಲ್ಲಿ ಆಗುವಂಥದೂ ಹೌದು. ಒಂದು ತೋಟದಲ್ಲಿ ಸುಣ್ಣ ಉಳಿಸಲೆಂದು 1 ಕಿಲೋ ಮೈಲುತುತ್ತಕ್ಕೆ ಅರ್ಧ ಕಿಲೋ ಸುಣ್ಣ ಹಾಕಿದರು. ಸುಣ್ಣ ಹೋದ ವರ್ಷದ್ದು; ಅದರಲ್ಲಿ ಜೀವವಿರುವ ಪಾಲು ಶೇ. 30 ಮಾತ್ರ. ಏನಾಗುತ್ತದೆ?

ಹೆಜ್ಜೆ ತಪ್ಪದೆ ಹೋಗೋಣ. 500 ಗ್ರಾಮಿನಲ್ಲಿ ಶೇ. 30 ಎಂದರೆ 150 ಗ್ರಾಂ. ಅದನ್ನು 74ರಿಂದ ಭಾಗಿಸಿದರೆ ಸುಮಾರು 2 ಮೋಲ್. ಮೈಲುತುತ್ತ 4 ಮೋಲ್. ಸರಳ ಸಮೀಕರಣದಂತೆ ಒಂದಕ್ಕೊಂದು. ಆದ್ದರಿಂದ 2 ಮೋಲ್ ತಾಮ್ರದ ಸಲ್ಫೇಟು ಜೊತೆಯಿಲ್ಲದೆ ಉಳಿಯಿತು. ತೂಕದಲ್ಲಿ 2 × 249.5 = 499 ಗ್ರಾಂ. ಎರಡನೆಯ ಸಮೀಕರಣದಂತೆ ನೋಡಿದರೂ 2 ಮೋಲ್ ಸುಣ್ಣ 2.67 ಮೋಲ್ ತಾಮ್ರವನ್ನಷ್ಟೇ ಹಿಡಿದೀತು, 1.33 ಮೋಲ್, ಅಂದರೆ ಸುಮಾರು 332 ಗ್ರಾಂ ಮೈಲುತುತ್ತ ಉಳಿದೇ ಉಳಿಯುತ್ತದೆ. ಕಡಿಮೆಯೆಂದರೂ ಮೂರನೆಯ ಒಂದು ಪಾಲು ಬಿಡಿಯಾಗಿ ಗೊನೆಯ ಮೇಲೆ ಬಿತ್ತು. ಎಳೆಕಾಯಿ ಸುಡುವುದು ಇದರಿಂದ. ಬಿಡಿ ತಾಮ್ರ ನೀರಿನಲ್ಲಿ ಕರಗಿಯೇ ಇರುವುದರಿಂದ ಮೊದಲ ಜೋರು ಮಳೆಗೆ ತೊಳೆದೂ ಹೋಗುತ್ತದೆ. ಸುಣ್ಣದಲ್ಲಿ ಉಳಿಸಿದ ನಾಲ್ಕು ಕಾಸು, ದುಬಾರಿ ಮೈಲುತುತ್ತದಲ್ಲೂ ಬೆಳೆಯಲ್ಲೂ ಹೋಯಿತು.

ವೀಳ್ಯದ ಲೆಕ್ಕದಲ್ಲಿ ಎಲೆ ಮುಗಿದಂತೆ ಇಲ್ಲಿ ಸುಣ್ಣ ಮುಗಿಯಿತು. ಮೊದಲು ಮುಗಿಯುವ ಈ ವಸ್ತುವನ್ನು ಪುಸ್ತಕದಲ್ಲಿ ‘ಸೀಮಿತಕಾರಕ’ ಎಂದೋ ಇಂಗ್ಲಿಷಿನಲ್ಲಿ ‘ಲಿಮಿಟಿಂಗ್ ರಿಯೇಜೆಂಟ್’ ಎಂದೋ ಕರೆದಿರುತ್ತಾರೆ. ಹೆಸರಿಗೆ ಹೆದರಬೇಕಾಗಿಲ್ಲ.

ಕತ್ತಿಯ ಪರೀಕ್ಷೆ

ದ್ರಾವಣ ಸರಿಯಾಗಿದೆಯೇ ಎಂದು ನೋಡಲು ಉಜ್ಜಿ ಬೆಳಗಿದ ಕತ್ತಿಯನ್ನು ಒಂದೆರಡು ನಿಮಿಷ ಅದ್ದಿ ತೆಗೆಯುವ ಪದ್ಧತಿ ಹಳೆಯದು. ಕತ್ತಿಗೆ ಕೆಂಪು ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಇದರಲ್ಲಿ ಮಾಟವೇನೂ ಇಲ್ಲ. ಬಿಡಿ ತಾಮ್ರ ಇದ್ದರೆ ಕಬ್ಬಿಣ ಕರಗಿ ನೀರಿಗೆ ಇಳಿಯುತ್ತದೆ, ಅದರ ಜಾಗದಲ್ಲಿ ತಾಮ್ರ ಬಂದು ಕೂರುತ್ತದೆ:

ಕಬ್ಬಿಣ 1 ಮೋಲ್ + ತಾಮ್ರದ ಸಲ್ಫೇಟು 1 ಮೋಲ್ → ಕಬ್ಬಿಣದ ಸಲ್ಫೇಟು 1 ಮೋಲ್ + ತಾಮ್ರ 1 ಮೋಲ್

ಹಾಗಾಗಿಯೇ ಮೈಲುತುತ್ತವನ್ನು ಕಬ್ಬಿಣದ ಡ್ರಮ್ಮಿನಲ್ಲಿ ನೆನೆಹಾಕಬಾರದು. ಡ್ರಮ್ಮಿನ ಒಳಮೈಗೆ 100 ಗ್ರಾಂ ತಾಮ್ರ ಹತ್ತಿತು ಎನ್ನೋಣ. 56 ಗ್ರಾಂ ಕಬ್ಬಿಣಕ್ಕೆ 63.5 ಗ್ರಾಂ ತಾಮ್ರವಾದ್ದರಿಂದ ಡ್ರಮ್ಮು 88 ಗ್ರಾಂ ಸವೆದಿದೆ. ಮೈಲುತುತ್ತದಲ್ಲಿ 393 ಗ್ರಾಂ ಹಾಳಾಗಿದೆ. ಮರದ ಪೀಪಾಯಿ, ಮಣ್ಣಿನ ಪಾತ್ರೆ, ಪ್ಲಾಸ್ಟಿಕ್ ಡ್ರಮ್ಮು ಇವು ಆಗಬಹುದು.

ಕೂಡಿಸುವ ಕ್ರಮವನ್ನೂ ಮರೆಯಬಾರದು. ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಬೇರೆಯಾಗಿ ಕರಗಿಸಿ, ಸುಣ್ಣವನ್ನು ಇನ್ನು 50 ಲೀಟರಿನಲ್ಲಿ ಬೇರೆಯಾಗಿ ಕದಡಿ ಸೋಸಿ, ಎರಡೂ ತಣ್ಣಗಿರುವಾಗ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹುಯ್ಯುತ್ತ ಕೋಲಿನಿಂದ ತಿರುವುತ್ತಿರಬೇಕು. ಹೀಗೆ ಮಾಡಿದರೆ ಕೂಡುವ ಹೊತ್ತಿನಲ್ಲೆಲ್ಲ ಸುಣ್ಣದ ಕೈಯೇ ಮೇಲಿರುತ್ತದೆ, ಗಸಿಯ ಕಣ ನುಣುಪಾಗಿರುತ್ತದೆ. ಮಾಡಿದ ದಿನವೇ ಹೊಡೆದು ಮುಗಿಸಬೇಕು. ಇಟ್ಟರೆ ಕಣ ದಪ್ಪವಾಗಿ ಅಂಟುವ ಗುಣ ಹೋಗುತ್ತದೆ. ಸುಣ್ಣ ಅರಳಿಸುವಾಗ ಕಣ್ಣಿಗೆ ಸಿಡಿಯದಂತೆ ಎಚ್ಚರ ಬೇಕು. ಉಳಿದ ದ್ರಾವಣವನ್ನೂ ತೊಳೆದ ನೀರನ್ನೂ ಹಳ್ಳಕ್ಕೆ, ಕೆರೆಗೆ ಬಿಡಕೂಡದು. ತಾಮ್ರ ಮೀನಿಗೆ ವಿಷ. ನಮ್ಮ ಹಳ್ಳಗಳ ನೀರು ಮುಂದೆ ಹೇಮಾವತಿಗೇ ಸೇರುವುದು.

ಮಣ್ಣಿನಲ್ಲಿ ಉಳಿಯುವ ತಾಮ್ರ

ಲೆಕ್ಕ ಬಲ್ಲವರು ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ಹೊಡೆದ ತಾಮ್ರ ಎಲ್ಲಿಗೆ ಹೋಗುತ್ತದೆ? ಅದು ಧಾತು, ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಬಹುಪಾಲು ಮಣ್ಣಿನಲ್ಲೇ ನಿಲ್ಲುತ್ತದೆ.

ಒಂದು ಹೆಕ್ಟೇರಿಗೆ ಒಂದು ಸಲಕ್ಕೆ 1000 ಲೀಟರ್ ಶೇ. 1ರ ದ್ರಾವಣ ಹಿಡಿಯಿತೆಂದು ಇಟ್ಟುಕೊಳ್ಳೋಣ. ಮೈಲುತುತ್ತ 10 ಕಿಲೋ, ತಾಮ್ರ 2.54 ಕಿಲೋ. ಎರಡು ಸಲಕ್ಕೆ 5 ಕಿಲೋ ದಾಟಿತು. ಯೂರೋಪಿನ ದೇಶಗಳ ಒಕ್ಕೂಟವು 2019ರಿಂದ ತನ್ನ ರೈತರಿಗೆ ಹೆಕ್ಟೇರಿಗೆ 7 ವರ್ಷಕ್ಕೆ ಒಟ್ಟು 28 ಕಿಲೋ, ಅಂದರೆ ಸರಾಸರಿ ವರ್ಷಕ್ಕೆ 4 ಕಿಲೋ ತಾಮ್ರದ ಮಿತಿ ಹಾಕಿದೆ. ಅವರ ಮಳೆ ಬೇರೆ, ನಮ್ಮ ಮಳೆ ಬೇರೆ. ಕೊಳೆ ಬಂದಾಗ ಹೊಡೆಯದೆ ಗತಿಯಿಲ್ಲ. ಆದರೆ ‘ಒಂದು ಹಿಡಿ ಹೆಚ್ಚಿಗೆ ಇರಲಿ’ ಎಂದು ತೂಗದೆ ಹಾಕುವ ಅಭ್ಯಾಸ ನಮ್ಮ ಮಕ್ಕಳ ಕಾಲದ ಮಣ್ಣಿಗೆ ಸಾಲ ಹೊರಿಸಿದಂತೆ. ತೂಗಿಯೇ ಹಾಕೋಣ.

ಮಣ್ಣಿಗೆ ಹಾಕುವ ಸುಣ್ಣ

ಇದೇ ಲೆಕ್ಕ ಮಣ್ಣಿನ ಹುಳಿ ಕಳೆಯಲೂ ಬೇಕು. ಮಲೆನಾಡಿನ ಮಳೆಗೆ ಸುಣ್ಣದಂಶ ತೊಳೆದುಹೋಗಿ ರಸಸಾರ ಇಳಿಯುತ್ತದೆ. ಕಾಫಿಗೆ 6ರಿಂದ 6.5 ಒಳ್ಳೆಯದು. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಶುದ್ಧ ಕಾರ್ಬೊನೇಟಿನ ಲೆಕ್ಕದಲ್ಲಿ 100 ಕಿಲೋ ಸುಣ್ಣ ಹಾಕಿ ಎಂದಿದ್ದರೆ, ಅದೇ ಕೆಲಸಕ್ಕೆ ಅರಳಿದ ಸುಣ್ಣ 74 ಕಿಲೋ, ಸುಟ್ಟ ಸುಣ್ಣ 56 ಕಿಲೋ, ಡಾಲೊಮೈಟ್ ಸುಮಾರು 92 ಕಿಲೋ ಸಾಕು. ಮೋಲ್ ಲೆಕ್ಕದಲ್ಲಿ ಇವೆಲ್ಲ ಸಮ. ಅಂಗಡಿಯಲ್ಲಿ ಕಿಲೋ ದರ ಕೇಳಿ ಸುಮ್ಮನಾಗದೆ, ಈ ತೂಕಗಳಿಂದ ಗುಣಿಸಿ ಯಾವುದು ನಿಜವಾಗಿ ಅಗ್ಗವೆಂದು ನೋಡಬೇಕು. ಸುಣ್ಣ ಶೇ. 80 ಶುದ್ಧವಾದರೆ 100ಕ್ಕೆ ಬದಲು 125 ಕಿಲೋ ಎಂದು ಲೆಕ್ಕ ಹಾಕಬೇಕು.

ಅಮೋನಿಯಂ ಸಲ್ಫೇಟಿನ ಜೊತೆ ಅರಳಿದ ಸುಣ್ಣ ಬೆರೆಸಿ ಹಾಕಬಾರದೆನ್ನುವುದಕ್ಕೂ ಸಮೀಕರಣವೇ ಸಾಕ್ಷಿ: ಅಮೋನಿಯಂ ಸಲ್ಫೇಟ್ 132 ಕಿಲೋ, ಸುಣ್ಣ 74 ಕಿಲೋ ಪೂರ್ತಿ ಕೂಡಿದರೆ ಅಮೋನಿಯ 34 ಕಿಲೋ, ಕ್ಯಾಲ್ಸಿಯಂ ಸಲ್ಫೇಟ್ 136 ಕಿಲೋ, ನೀರು 36 ಕಿಲೋ. ಎರಡು ಬದಿಗೂ 206. ಮೂಗಿಗೆ ಬಡಿಯುವ ಆ ಅಮೋನಿಯದಲ್ಲಿ ನಾವು ದುಡ್ಡು ಕೊಟ್ಟು ತಂದ 28 ಕಿಲೋ ಸಾರಜನಕವೂ ಇರುತ್ತದೆ. ಗಾಳಿಗೆ ಹೋದಷ್ಟೂ ನಷ್ಟ. ಸುಣ್ಣಕ್ಕೂ ಗೊಬ್ಬರಕ್ಕೂ ನಡುವೆ ಕೆಲವು ವಾರ ಅಂತರವಿರಲಿ.

ಮಕ್ಕಳಿಗೆ ಮೂರು ಲೆಕ್ಕ

1. ಕಾಫಿಗೆ 200 ಲೀಟರ್ ಶೇ. 0.5ರ ದ್ರಾವಣ ಬೇಕು. ಮೈಲುತುತ್ತ ಎಷ್ಟು? ಅದರಲ್ಲಿ ಎಷ್ಟು ಮೋಲ್? ಶುದ್ಧ ಸುಟ್ಟ ಸುಣ್ಣವಾದರೆ ಕನಿಷ್ಠ ಎಷ್ಟು ಗ್ರಾಂ?

2. 28 ಕಿಲೋ ಸುಟ್ಟ ಸುಣ್ಣವನ್ನು ಅರಳಿಸಲು, ಆವಿಯಾಗುವುದನ್ನು ಬಿಟ್ಟು, ಎಷ್ಟು ನೀರು ಅದರೊಡನೆ ಕೂಡುತ್ತದೆ? ಅರಳಿದ ಸುಣ್ಣ ಎಷ್ಟಾಗುತ್ತದೆ?

3. ಒಂದು ತಾಮ್ರದ ಪುಡಿಯ ಚೀಟಿಯ ಮೇಲೆ ತಾಮ್ರ ಶೇ. 50 ಎಂದಿದೆ. 1 ಕಿಲೋ ಮೈಲುತುತ್ತದಲ್ಲಿರುವಷ್ಟೇ ತಾಮ್ರ ಆ ಪುಡಿಯ ಎಷ್ಟು ಗ್ರಾಮಿನಲ್ಲಿದೆ? (ಇದು ಲೆಕ್ಕಕ್ಕೆ ಮಾತ್ರ, ಹೊಡೆಯುವ ಪ್ರಮಾಣ ಚೀಟಿಯಲ್ಲಿ ಹೇಳಿದಂತೆಯೇ ಇರಬೇಕು.)

ಉತ್ತರಗಳು: (1) 1 ಕಿಲೋ, 4 ಮೋಲ್, 224 ಗ್ರಾಂ. (2) 9 ಕಿಲೋ ನೀರು. 37 ಕಿಲೋ ಅರಳಿದ ಸುಣ್ಣ. (3) ಸುಮಾರು 509 ಗ್ರಾಂ.

ಉತ್ತರ ನೋಡುವ ಮೊದಲು ಮಾಡಿ ನೋಡಿರಿ. ತಪ್ಪಾದರೆ ನಾಲ್ಕು ಹೆಜ್ಜೆಯಲ್ಲಿ ಎಲ್ಲಿ ತಪ್ಪಿತೆಂದು ಹುಡುಕಿರಿ; ಸಾಮಾನ್ಯವಾಗಿ ಅದು ತೂಕವನ್ನು ಎಣಿಕೆಗೆ ತಿರುಗಿಸುವ ಎರಡನೆಯ ಹೆಜ್ಜೆಯಲ್ಲೇ ಇರುತ್ತದೆ.

ಔಷಧಿ ಕೋಣೆಯ ಬಾಗಿಲಿಗೆ ಬರೆದಿಡಲು ಸದಸ್ಯರಿಗೆ ಇಷ್ಟು ಸಾಕು: ಮೈಲುತುತ್ತ 1 ಕಿಲೋ ಎಂದರೆ 4 ಮೋಲ್, ಅದಕ್ಕೆ ಜೀವವಿರುವ ಅರಳಿದ ಸುಣ್ಣ 296 ಗ್ರಾಂ ಆದರೂ ಇರಲೇಬೇಕು, ಸುಣ್ಣದ ಗುಣ ತಿಳಿಯದಿದ್ದರೆ ಕಿಲೋಗೆ ಕಿಲೋ, ಹೊಡೆಯುವ ಮೊದಲು ಕತ್ತಿ ಅದ್ದಿ ನೋಡುವುದು. ಈ ವರ್ಷ ಸುಣ್ಣ ಕೊಳ್ಳುವಾಗ ಚೀಲದ ಭಾರ ನೋಡಿ ಮೆಚ್ಚಬೇಡಿರಿ, ಒಂದು ಹಿಡಿಗೆ ನೀರು ಚಿಮುಕಿಸಿ ಬಿಸಿಯೇಳುತ್ತದೆಯೇ ನೋಡಿ ಕೊಳ್ಳಿರಿ.